ಅಂಗೈಯಗಲದ ಗ್ಯಾಮಾ ಕ್ಯಾಮೆರಾ ಕಟ್ಟಿದ ನನ್ನ ಅನುಭವ

ಮೈಯೊಳಗೆ ಕೊಟ್ಟ ವಿಕಿರಣ ಔಷಧಿ ಸೂಸುವ ಗ್ಯಾಮಾ ಕಿರಣದಿಂದ ಚಿತ್ರ ತೆಗೆಯುವುದೇ ಗ್ಯಾಮಾ ಕ್ಯಾಮೆರಾ. ನಾನು ಕಟ್ಟಿದ ಪುಟ್ಟ ಕ್ಯಾಮೆರಾದಲ್ಲಿ ಥೈರಾಯ್ಡ್ ಫ್ಯಾಂಟಮ್‌ನ (ಪರೀಕ್ಷೆಗೆ ಬಳಸುವ ನಕಲಿ ಗ್ರಂಥಿಯ) 9 ಮಿ.ಮೀ. ಕೋಲ್ಡ್ ನಾಡ್ಯೂಲ್ (ವಿಕಿರಣ ಸೂಸದ ಗಂಟು) ಕೊನೆಗೂ ಸ್ಕ್ರೀನಿನ ಮೇಲೆ ಕಂಡಿತು. ಡಿಟೆಕ್ಟರಿನ ಅಗಲ 5 ಸೆಂ.ಮೀ. ಅಷ್ಟೇ. "ಇದಕ್ಕಿಂತ ವಿಕಿರಣ ಸಿಕ್ಕಾಗ ಬೀಪ್ ಅನ್ನೋ ಪ್ರೋಬೇ ವಾಸಿ ಸಾರ್, ದುಡ್ಡು ಯಾಕೆ ಸುರೀತೀರಿ?" ಎಂದಿದ್ದ ನ್ಯೂಕ್ಲಿಯರ್ ಮೆಡಿಸಿನ್ ಡಾಕ್ಟರೇ ಆ ಚಿತ್ರವನ್ನು ತಮ್ಮ ಫೋನಿಗೆ ಕಳಿಸಿಕೊಂಡರು.

ಗ್ಯಾಮಾ ಕಿರಣ ಬಿದ್ದಾಗ ಮಿನುಗುವ ಹರಳು ಮೊದಲು ಬೇಕು. ಮಾಮೂಲಿ ಸೋಡಿಯಂ ಅಯೊಡೈಡ್ ಶುರುವಿನಲ್ಲೇ ಬೇಡ ಅನ್ನಿಸಿತು. ತೇವ ತಾಗದಂತೆ ಡಬ್ಬಿಯಲ್ಲಿ ಸೀಲ್ ಮಾಡಬೇಕು, ಇಷ್ಟು ಚಿಕ್ಕ ಕ್ಯಾಮೆರಾದಲ್ಲಿ ಅಂಚಿನ ಜಾಗವೆಲ್ಲ ಅದಕ್ಕೇ ಹೋಗುತ್ತದೆ. ನಡುವೆ ಹಳೇ ಪೆಟ್ (PET) ಸ್ಕ್ಯಾನರಿನ ಎಲ್‌ವೈಎಸ್‌ಒ (ಲುಟೀಶಿಯಂ ಇರುವ ಹರಳು) ಬ್ಲಾಕೊಂದು ಅಗ್ಗಕ್ಕೆ ಸಿಕ್ಕಿತು. ಅದರೊಳಗಿನ ಲುಟೀಶಿಯಂ-176 ತಾನೇ ವಿಕಿರಣ ಸೂಸುತ್ತದೆ. ಪೆಟ್‌ನಲ್ಲಾದರೆ ಕೋಇನ್ಸಿಡೆನ್ಸ್ (ಎದುರುಬದುರು ಒಟ್ಟಿಗೆ ಬಂದ ಜೋಡಿ ಕಿರಣಗಳನ್ನಷ್ಟೇ ಎಣಿಸುವ ವಿಧಾನ) ಅದನ್ನು ಸೋಸಿಬಿಡುತ್ತದೆ, ನಮಗೆ ಆ ಅನುಕೂಲವಿಲ್ಲ. ಚಿತ್ರಕ್ಕೆ ಆ ಬ್ಲಾಕು ಬರಲಿಲ್ಲ. ಆದರೆ ಹೊರಗಿನ ವಿಕಿರಣ ಸೋರ್ಸ್ ಇಲ್ಲದೆಯೇ ಫ್ಲಡ್ ಮ್ಯಾಪ್ (ಎಲ್ಲ ಪಿಕ್ಸೆಲ್‌ಗಳ ನಕ್ಷೆ) ಅಚ್ಚುಕಟ್ಟಾಗಿ ಮೂಡುತ್ತದೆ, ಬೋರ್ಡು ಪರೀಕ್ಷಿಸಲು ಇಂದಿಗೂ ಅದನ್ನೇ ಬಳಸುತ್ತೇನೆ. ಕೊನೆಗೆ ನಿಂತಿದ್ದು ಈ ಎರಡೂ ಕಾಟವಿಲ್ಲದ ಗ್ಯಾಗ್ (GAGG) ಹರಳಿಗೆ: 2 ಮಿ.ಮೀ. ಪಿಕ್ಸೆಲ್, 6 ಮಿ.ಮೀ. ದಪ್ಪ, ಹಿಂದೆ 8×8ರ ಎಸ್‌ಐಪಿಎಂ ಅರೇ (ಹರಳಿನ ಮಿನುಗನ್ನು ವಿದ್ಯುತ್ ಸಂಕೇತವಾಗಿಸುವ ಸಿಲಿಕಾನ್ ಸೆನ್ಸರುಗಳ ಚೌಕ).

ನಿಜವಾಗಿ ಸತಾಯಿಸಿದ್ದು ಬಿಸಿ. 64 ಚಾನೆಲ್‌ಗಳನ್ನು ರೆಸಿಸ್ಟರ್ ಜಾಲದಲ್ಲಿ ನಾಲ್ಕಕ್ಕೆ ಇಳಿಸಿದರೆ ಅಷ್ಟೂ ಎಸ್‌ಐಪಿಎಂಗಳ ಡಾರ್ಕ್ ನಾಯ್ಸ್ (ಬೆಳಕಿಲ್ಲದಾಗಲೂ ಬರುವ ಗದ್ದಲ, ಬಿಸಿಯಾದಷ್ಟೂ ಹೆಚ್ಚು) ಒಟ್ಟಿಗೆ ಬಂದು ಕೂರುತ್ತದೆ. ಬೆಳಿಗ್ಗೆ 140 ಕೆಇವಿಯಲ್ಲಿ (ಕೆಇವಿ ಎಂದರೆ ಕಿರಣದ ಶಕ್ತಿಯ ಅಳತೆ) ನೆಟ್ಟಗೆ ನಿಂತ ಟೆಕ್ನೀಶಿಯಂ (ಆಸ್ಪತ್ರೆಯಲ್ಲಿ ಬಳಸುವ ವಿಕಿರಣ ಧಾತು) ಪೀಕ್ ಮಧ್ಯಾಹ್ನದ ಹೊತ್ತಿಗೆ ಎಡಕ್ಕೆ ಜಾರಿ, ಎಣಿಕೆಗೆ ತೆಗೆದುಕೊಳ್ಳುವ ಎನರ್ಜಿ ವಿಂಡೋದಿಂದ ಅರ್ಧ ಹೊರಗಿರುತ್ತಿತ್ತು. ಪೆಲ್ಟಿಯರ್ (ಕರೆಂಟಿನಿಂದ ತಂಪು ಮಾಡುವ ಬಿಲ್ಲೆ) ಹಾಕಿ ತಣ್ಣಗೆ ಮಾಡಿದೆವು. ಬೆಂಗಳೂರಿನ ಮಳೆಗಾಲದಲ್ಲಿ ಬೋರ್ಡಿನ ಮೇಲೆ ನೀರಹನಿ ಕಟ್ಟಿ ಒಂದು ಎಸ್‌ಐಪಿಎಂ ಅರೇ ಸುಟ್ಟಿತು. ಸುಂಕವೂ ಸೇರಿ ಒಂದೂವರೆ ಲಕ್ಷದ ಮಾಲು. ಆಮೇಲೆ ಪೆಲ್ಟಿಯರ್ ಕಿತ್ತುಹಾಕಿ, ಅರೇ ಬೆನ್ನಿಗೇ ಥರ್ಮಿಸ್ಟರ್ (ಬಿಸಿ ಅಳೆಯುವ ಬಿಡಿಭಾಗ) ಅಂಟಿಸಿ, ಡಿಗ್ರಿಗೆ 21 ಮಿಲಿವೋಲ್ಟ್ ಲೆಕ್ಕದಲ್ಲಿ ಬಯಾಸ್ (ಎಸ್‌ಐಪಿಎಂಗೆ ಕೊಡುವ ವೋಲ್ಟೇಜ್) ಏರಿಳಿಸಿದೆ. ಪ್ರತಿ ಪಿಕ್ಸೆಲ್‌ಗೂ ಅದರದೇ ಎನರ್ಜಿ ವಿಂಡೋ ಕೊಟ್ಟೆ. ಅಲ್ಲಿಂದ ಪೀಕ್ ಅಲುಗಿಲ್ಲ. ಥರ್ಮಿಸ್ಟರಿಗೆ ಆದ ಖರ್ಚು ಎಸ್‌ಪಿ ರೋಡಿನಲ್ಲಿ ಇಪ್ಪತ್ತು ರೂಪಾಯಿ!

ಫ್ಲಡ್ ಮ್ಯಾಪಿನಲ್ಲಿ ಅಂಚಿನ ಪಿಕ್ಸೆಲ್‌ಗಳು ಒಂದರ ಮೇಲೊಂದು ಬೀಳುವ ಕಾಟ ಇಂಥ ಕ್ಯಾಮೆರಾ ಕಟ್ಟುವವರಿಗೆಲ್ಲ ಗೊತ್ತಿರುವಂಥದ್ದು. ಲೈಟ್ ಗೈಡಿನ (ಹರಳಿನ ಬೆಳಕನ್ನು ಎಸ್‌ಐಪಿಎಂಗೆ ಹರಡುವ ಪಾರದರ್ಶಕ ಪದರದ) ಅಂಚಿಗೆ ನಾನೇನು ಬಳಿದೆ ಎಂಬುದನ್ನು ಸದ್ಯಕ್ಕೆ ಹೇಳಲಾರೆ. ಮೂಲೆಯ ಕೆಲವನ್ನು ಬಿಟ್ಟರೆ ಉಳಿದವೆಲ್ಲ ಬಿಡಿಬಿಡಿಯಾಗಿ ಕಾಣುತ್ತವೆ, ಅಷ್ಟು ಧೈರ್ಯವಾಗಿ ಹೇಳಬಲ್ಲೆ.

ಸಮಯ ಹೆಚ್ಚು ನುಂಗಿದ್ದು ಕಾಗದಪತ್ರ. ಪರೀಕ್ಷೆಗೆ ಬಳಸುವ ಕೋಬಾಲ್ಟ್-57ರ ಅರ್ಧಾಯುಷ್ಯ (ವಿಕಿರಣ ಅರ್ಧಕ್ಕಿಳಿಯುವ ಕಾಲ) 272 ದಿನ. ಖರೀದಿಸಿದ ಬಟನ್ ಸೋರ್ಸು ಅನುಮತಿಗಾಗಿ ಮಾರಾಟಗಾರರ ಬಳಿಯೇ ಕೊಳೆಯಿತು, ಕೈಗೆ ಬರುವಷ್ಟರಲ್ಲಿ ಅದರ ವಿಕಿರಣ ಅರ್ಧಕ್ಕೂ ಕಡಿಮೆ. ಹಾಗಾಗಿ ಆಸ್ಪತ್ರೆಯಲ್ಲೇ, ಆರ್‌ಎಸ್‌ಒ (ವಿಕಿರಣ ಸುರಕ್ಷತಾ ಅಧಿಕಾರಿ) ಎದುರಿನಲ್ಲಿ, ದಿನದ ಕೊನೆಗೆ ಮಿಕ್ಕ ಟೆಕ್ನೀಶಿಯಂ-99ಎಂ ಬಳಸಿ ಕೆಲಸ ಮಾಡಿದೆ. ಕ್ಯಾಪಿಲರಿ ಟ್ಯೂಬಿಗೆ ಹನಿ ಏರಿಸಿ ಎರಡೂ ತುದಿಗೆ ಮೇಣ ಮೆತ್ತಿದರೆ ಒಳ್ಳೆಯ ಲೈನ್ ಸೋರ್ಸ್ (ಗೆರೆಯಂಥ ವಿಕಿರಣ ಮೂಲ). ಆರು ಗಂಟೆಯ ಅರ್ಧಾಯುಷ್ಯ, ರಾತ್ರಿ ಊಟ ಬಿಟ್ಟಾದರೂ ಅಳತೆ ಮುಗಿಸಬೇಕು.

ಕಿರಣ ಒಳಬರುವ ಸೂಜಿತೂತು, ಅಂದರೆ ಪಿನ್‌ಹೋಲ್, ಪೀಣ್ಯದಲ್ಲಿ ಆಯಿತು. ಶುದ್ಧ ಟಂಗ್‌ಸ್ಟನ್ ಡ್ರಿಲ್ಲಿಗೆ ಒಡೆಯಿತು. ಟಂಗ್‌ಸ್ಟನ್-ತಾಮ್ರದ ತುಂಡಿಗೆ ವೈರ್‌ಕಟ್ (ತಂತಿಯ ವಿದ್ಯುತ್ ಕಿಡಿಯಿಂದ ಕೊರೆಯುವುದು) ಮಾಡಿಸಿದಾಗ 2 ಮಿ.ಮೀ. ತೂತು ಶುದ್ಧವಾಗಿ ಬಂತು. ವರ್ಕ್‌ಶಾಪಿನವರು ಎಂಟು ಸಾವಿರದ ಹತ್ತಿರ ತಗೊಂಡರು. ಗಂಟಲಿಗೆ ಹತ್ತಿರ ಇಟ್ಟಷ್ಟೂ ಕೌಂಟ್ಸ್ (ಎಣಿಕೆಗೆ ಸಿಗುವ ಕಿರಣಗಳು) ಏರುತ್ತದೆ, ದೊಡ್ಡ ಕ್ಯಾಮೆರಾದ ತಲೆಯನ್ನು ಅಷ್ಟು ಹತ್ತಿರ ತರಲು ಭುಜ ಬಿಡುವುದಿಲ್ಲ. ಚಿಕ್ಕದರ ಲಾಭವೇ ಅದು.

ಹರಳು, ಸುಟ್ಟ ಅರೇ, ಬೋರ್ಡು ಎಲ್ಲ ಸೇರಿ ಏಳೆಂಟು ಲಕ್ಷ ಆಗಿರಬಹುದು. ಈಗ ಸೆಂಟಿನೆಲ್ ನೋಡ್ (ಕ್ಯಾನ್ಸರ್ ಮೊದಲು ಹರಡುವ ದುಗ್ಧಗ್ರಂಥಿ) ಹುಡುಕಲು ಪ್ಯಾರಲಲ್ ಹೋಲ್ ಕಾಲಿಮೇಟರ್ (ಸಮಾನಾಂತರ ತೂತುಗಳ ಸೀಸದ ಜಾಲರಿ) ಮಾಡಿಸುತ್ತಿದ್ದೇನೆ. 0.3 ಮಿ.ಮೀ. ಸೀಸದ ಹಾಳೆ ಮಡಚುವಾಗ ಸುಕ್ಕುಗಟ್ಟದಂತೆ ಮಾಡುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ.