ಟೈಮ್‌ಶೇರ್ ವಾರ ಕೊಟ್ಟು ಬೇರೆ ದೇಶದ ವಾರ ಪಡೆಯೋದು: ನನ್ನ ಅನುಭವ

ಟೈಮ್‌ಶೇರ್ ಅಂದರೆ ರೆಸಾರ್ಟಿನ ಅಪಾರ್ಟ್‌ಮೆಂಟನ್ನು ಪ್ರತಿ ವರ್ಷ ಒಂದು ವಾರ ಬಳಸಲು ಮೊದಲೇ ದುಡ್ಡು ಕೊಟ್ಟು ಕೊಳ್ಳೋದು. ನಮ್ಮಲ್ಲಿ ಮಾರುವ ಟೈಮ್‌ಶೇರ್‌ಗಳಲ್ಲಿ ಹೆಚ್ಚಿನವು ಬರೀ ಬಳಕೆಯ ಹಕ್ಕು. ಖಾತೆ, ಕ್ರಯಪತ್ರ ಏನೂ ಕೈಗೆ ಬರಲ್ಲ. ವರ್ಷಕ್ಕೆ 7 ರಾತ್ರಿ, ಒಂದು ಸೀಸನ್, ಒಂದು ಅಳತೆಯ ಅಪಾರ್ಟ್‌ಮೆಂಟ್, ಅಷ್ಟೇ. ಅದನ್ನು ಆರ್‌ಸಿಐಗೆ (1974ರಲ್ಲಿ ಅಮೆರಿಕದಲ್ಲಿ ಶುರುವಾದ ವಿನಿಮಯ ಕಂಪನಿ) ಜಮಾ ಮಾಡಿ ಇನ್ನೊಂದು ಕಡೆಯ ವಾರ ತೆಗೆದುಕೊಳ್ಳಬಹುದು. ನೀವು ಥಾಯ್ಲೆಂಡಿನ ಫುಕೆಟ್‌ಗೆ ಹೋದರೆ ಅಲ್ಲಿಯವರು ಕೊಡಗಿಗೆ ಬರಬೇಕು ಅಂತೇನಿಲ್ಲ. ಎಲ್ಲರ ವಾರಗಳೂ ಒಂದೇ ಕಣಜಕ್ಕೆ ಬೀಳುತ್ತವೆ. ಹಾಕಿದ್ದರ ತೂಕಕ್ಕೆ ತಕ್ಕದ್ದು ಸಿಗುತ್ತದೆ.

ಆ ತೂಕವೇ ಟ್ರೇಡಿಂಗ್ ಪವರ್. ಸೀಸನ್, ಅಪಾರ್ಟ್‌ಮೆಂಟಿನ ಗಾತ್ರ, ಊರಿನ ಬೇಡಿಕೆ ಇವೆಲ್ಲ ಕೊಳ್ಳುವಾಗಲೇ ತೀರ್ಮಾನವಾಗಿರುತ್ತವೆ. ನಮ್ಮ ಕೈಯಲ್ಲಿ ಉಳಿಯೋದು ಜಮಾ ಮಾಡುವ ಸಮಯ. ವಾರ ಶುರುವಾಗಲು 9 ತಿಂಗಳಿಗಿಂತ ಹೆಚ್ಚು ಇರುವಾಗಲೇ ಜಮಾ ಮಾಡಿ. ತಡವಾದಷ್ಟೂ ಅದನ್ನು ಬೇರೆಯವರಿಗೆ ಹಂಚಲು ಸಮಯವಿರಲ್ಲ, ಹಾಗಾಗಿ ಪವರ್ ಇಳಿಯುತ್ತದೆ. ಆ ವರ್ಷದ ನಿರ್ವಹಣಾ ಶುಲ್ಕ ಬಾಕಿಯಿದ್ದರೆ ಜಮಾ ಮಾಡೋಕೇ ಆಗಲ್ಲ; ಎಷ್ಟೋ ಜನ ಸಿಕ್ಕಿಬೀಳೋದು ಇಲ್ಲೇ.

ಹುಡುಕುವಾಗ ಒಂದೇ ರೆಸಾರ್ಟ್, ಒಂದೇ ದಿನಾಂಕಕ್ಕೆ ಜೋತುಬೀಳಬಾರದು. ನಾನು ಒಂದು ಪ್ರದೇಶ, ಮೂರು ನಾಲ್ಕು ವಾರಗಳ ಅವಧಿ ಕೊಟ್ಟು ಹುಡುಕಾಟ ಚಾಲೂ ಇಡುತ್ತೇನೆ. ಚೆಕ್‌ಇನ್ ಸಾಮಾನ್ಯವಾಗಿ ಶುಕ್ರವಾರ, ಶನಿವಾರ ಇಲ್ಲವೇ ಭಾನುವಾರ. ನಮ್ಮ ಮಕ್ಕಳ ಬೇಸಿಗೆ ರಜೆ ಇಲ್ಲಿ ಲಾಭಕ್ಕೇ ಬರುತ್ತದೆ: ಮೇ ತಿಂಗಳಲ್ಲಿ ಫುಕೆಟ್ ಸುಲಭವಾಗಿ ಸಿಗುತ್ತದೆ. ಆದರೆ ಅದು ಅಲ್ಲಿ ಮಳೆಗಾಲದ ಆರಂಭ, ಸಮುದ್ರಕ್ಕೆ ಇಳಿಯಲಾಗದ ದಿನಗಳು ಇರುತ್ತವೆ.

ಸಿಕ್ಕ ಕೂಡಲೇ ಒಪ್ಪಬೇಡಿ, ವಿವರ ಓದಿ. 6/4 ಅಂತಿದ್ದರೆ ಆರು ಜನ ಮಲಗಬಹುದು, ಆದರೆ ನಾಲ್ವರಿಗೆ ಮಾತ್ರ ಪ್ರತ್ಯೇಕ ಜಾಗ. ಉಳಿದಿಬ್ಬರಿಗೆ ಹಾಲ್‌ನ ಸೋಫಾ. ಅಜ್ಜ ಅಜ್ಜಿಯನ್ನು ಕರೆದೊಯ್ಯುವವರು ಎರಡನೇ ಅಂಕಿಯನ್ನೇ ನೋಡಬೇಕು. ಅಡುಗೆಮನೆ ಪೂರ್ತಿಯೋ ಅರ್ಧವೋ ನೋಡಿ. ಅರ್ಧ ಅಂದರೆ ಎಷ್ಟೋ ಸಲ ಮೈಕ್ರೋವೇವ್, ಸಣ್ಣ ಫ್ರಿಜ್ ಅಷ್ಟೇ, ಅನ್ನ ಸಾರು ಆಗಲ್ಲ. ಮೆಕ್ಸಿಕೋದ ಕೆಲವು ರೆಸಾರ್ಟ್‌ಗಳಲ್ಲಿ ಊಟದ ಹಣ ತಲೆಗಿಷ್ಟು ಅಂತ ಕಡ್ಡಾಯ, ಸಸ್ಯಾಹಾರಿಗಳಿಗೆ ದಂಡ. ಕೆಲವು ಕಡೆ ಒಮ್ಮೆ ಹೋದರೆ ನಾಲ್ಕು ವರ್ಷ ವಿನಿಮಯದಲ್ಲಿ ಮತ್ತೆ ಅದೇ ಜಾಗ ಕೊಡಲ್ಲ.

ಲೆಕ್ಕ ಹೀಗೆ ಹಾಕಿ. ನಿರ್ವಹಣಾ ಶುಲ್ಕ 25,000, ಅದಕ್ಕೆ 18% ಜಿಎಸ್‌ಟಿ 4,500, ವಿನಿಮಯ ಶುಲ್ಕ 13,000 ಅಂತಿಟ್ಟುಕೊಂಡರೆ ಒಟ್ಟು 42,500. ರಾತ್ರಿಗೆ ಸುಮಾರು 6,070 ರೂಪಾಯಿ. ಕೊಳ್ಳುವಾಗ ಕೊಟ್ಟ ದೊಡ್ಡ ಮೊತ್ತ ಇದರಲ್ಲಿಲ್ಲ. ಇಬ್ಬರೇ ಹೋಗುವುದಾದರೆ ಅದೇ ಊರಲ್ಲಿ ಈ ದುಡ್ಡಿಗೆ ಒಳ್ಳೆ ಹೋಟೆಲ್ ಸಿಗಬಹುದು. ಎರಡು ಮಲಗುವ ಕೋಣೆಯ ಮನೆಗೆ ಆರು ಜನ ಹೋದರೆ ಮಾತ್ರ ವಿನಿಮಯ ಗಿಟ್ಟುತ್ತದೆ.

ವಿಮಾನದ ಟಿಕೆಟ್ ದೃಢೀಕರಣ ಪತ್ರ ಬಂದ ಮೇಲೆಯೇ. ನಿಮ್ಮ ಬದಲು ತಂಗಿಯ ಕುಟುಂಬ ಹೋಗುವುದಾದರೆ ಅವರ ಹೆಸರಿಗೆ ಗೆಸ್ಟ್ ಸರ್ಟಿಫಿಕೇಟ್ ಮಾಡಿಸಿ. ಇಲ್ಲದಿದ್ದರೆ ಕೌಂಟರಿನಲ್ಲಿ ಕೀಲಿ ಕೊಡಲ್ಲ.