ಮುನ್ನೂರು ಫೋಟೋ, ನಾಲ್ಕೇ ಸಾಲು

ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ಕರೆಂಟ್ ಬಿಲ್ಲು, ಮದುವೆ ಕರೆಯೋಲೆ, ಎಂದೋ ಇಳಿಸಿಕೊಂಡ ಪಿಡಿಎಫ್. ನಡುನಡುವೆ ಜಾತ್ರೆಯ ಮುನ್ನೂರು ಫೋಟೋ. ಮೌಸ್ ಹಿಡಿದು ಒಂದೊಂದನ್ನೇ ಎಳೆಯುತ್ತಾ ಕೂತರೆ ಸಂಜೆಯಾಗುತ್ತದೆ. ಟೈಪ್ ಮಾಡಿ ಅಪ್ಪಣೆ ಕೊಡುವ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ಗೆ ಹೇಳಿ, ಕ್ಷಣದಲ್ಲಿ ಬೇರೆ ಮಾಡಿಕೊಡುತ್ತದೆ.

ವಿಂಡೋಸ್ ಕೀ ಜೊತೆ ಆರ್ ಒತ್ತಿ. ಬಂದ ಪುಟ್ಟ ಚೌಕದಲ್ಲಿ ಸಿಎಂಡಿ ಎಂದು ಬರೆದು ಎಂಟರ್ ಹೊಡೆಯಿರಿ. ಕಪ್ಪು ಪರದೆ ಬಂತಾ? ಹೆದರಬೇಡಿ, ಮಿನುಗುವ ಗೆರೆ ನಿಮ್ಮ ಮಾತಿಗೇ ಕಾಯುತ್ತಿದೆ. ಇನ್ನು ಮುಂದೆ ನಾನು ಕನ್ನಡದಲ್ಲಿ ಬರೆದ ಕಮಾಂಡನ್ನೆಲ್ಲ ನೀವು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ದೊಡ್ಡಕ್ಷರವೋ ಚಿಕ್ಕಕ್ಷರವೋ, ಅದಕ್ಕೆ ಎರಡೂ ಒಂದೇ.

ಮೊದಲು ಫೋಲ್ಡರ್ ಒಳಗೆ ಹೋಗಬೇಕು. ಸಿಡಿ ಬರೆದು ಸ್ಪೇಸ್ ಕೊಟ್ಟು, ಡೌನ್‌ಲೋಡ್ಸ್‌ನ ಮೊದಲ ಮೂರಕ್ಷರ ಹಾಕಿ ಟ್ಯಾಬ್ ಒತ್ತಿ. ಉಳಿದದ್ದನ್ನು ಅದೇ ತುಂಬಿಕೊಳ್ಳುತ್ತದೆ. ಎಂಟರ್.

ಈಗ ಹೊಸ ಫೋಲ್ಡರ್: ಎಂಡಿ ಜಾತ್ರೆ. 'ಊರ ಜಾತ್ರೆ' ಅಂತ ಎರಡು ಪದ ಬೇಕಿದ್ದರೆ ಹೆಸರಿಗೆ ಡಬಲ್ ಕೋಟ್ಸ್ ಹಾಕಿ. ಇಲ್ಲದಿದ್ದರೆ ಊರ ಒಂದು, ಜಾತ್ರೆ ಒಂದು, ಎರಡು ಫೋಲ್ಡರ್ ಹುಟ್ಟುತ್ತವೆ!

ಮೂರನೇ ಸಾಲು: ಡಿಐಆರ್ *.ಜೆಪಿಜಿ. ನಕ್ಷತ್ರ ಅಂದರೆ 'ಹೆಸರು ಏನಾದರೂ ಇರಲಿ' ಅಂತ, ಜೆಪಿಜಿ ಅಂದರೆ ಫೋಟೋ ಫೈಲ್ ಹೆಸರಿನ ಕೊನೆಗಿರುವ ಬಾಲ. ಫೋಟೋಗಳ ಪಟ್ಟಿ ಬರುತ್ತದೆ, ಕೊನೆಯಲ್ಲಿ ಎಷ್ಟಿವೆ ಎಂಬ ಲೆಕ್ಕವೂ ಇರುತ್ತದೆ. ಈ ಸಾಲಿನಿಂದ ಏನೂ ಕದಲುವುದಿಲ್ಲ, ಸುಮ್ನೆ ನೋಡುವುದಷ್ಟೇ. ಆದರೂ ಬಿಡಬೇಡಿ. ಒಮ್ಮೆ ನಾನು ಹೀಗೆ ನೋಡದೆ, ಬೇರೆ ಫೋಲ್ಡರ್‌ನಲ್ಲಿ ನಿಂತು ಫೈಲ್ ಅಳಿಸುವ ಡಿಇಎಲ್ ಕಮಾಂಡ್ ಹೊಡೆದು ನಾಮಕರಣದ ಫೋಟೋ ಅಷ್ಟೂ ಕಳೆದುಕೊಂಡೆ. ಇಲ್ಲಿ ಅಳಿಸಿದ್ದು ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ.

ಪಟ್ಟಿ ಸರಿಯಿದೆ ಅಲ್ವಾ? ಮೇಲ್ಮುಖದ ಬಾಣದ ಕೀ ಒತ್ತಿ, ಅದೇ ಸಾಲು ಮರಳಿ ಬರುತ್ತದೆ. ಡಿಐಆರ್ ತೆಗೆದು ಮೂವ್ ಹಾಕಿ, ಕೊನೆಗೆ ಸ್ಪೇಸ್ ಕೊಟ್ಟು ಜಾತ್ರೆ ಎಂದು ಸೇರಿಸಿ: ಮೂವ್ *.ಜೆಪಿಜಿ ಜಾತ್ರೆ. ಎಂಟರ್ ಹೊಡೆದರೆ ಫೈಲ್ ಹೆಸರುಗಳು ಸರಸರ ಓಡುತ್ತವೆ.

ಕೆಲವು ಫೋಟೋ ಹಾಗೇ ಉಳಿದವಾ? ಅವುಗಳ ಬಾಲದಲ್ಲಿ ಜೆಪಿಜಿ ಬದಲು ಜೆಪಿಇಜಿ ಇರಬಹುದು. ಮತ್ತೆ ಬಾಣ ಒತ್ತಿ, ನಡುವೆ ಒಂದು 'ಇ' ಸೇರಿಸಿ, ಎಂಟರ್.