ಮಾನಿಟರ್ ಕಪ್ಪಾಗಿದೆಯಾ? ಹೊಸದು ಕೊಳ್ಳುವ ಮೊದಲು ಇಷ್ಟು ನೋಡಿ

ಪರದೆಯಲ್ಲಿ ಚಿತ್ರ ಬರಲಿಲ್ಲ ಅಂದರೆ ಜನ ಮೊದಲು ಬೈಯುವುದು ಮಾನಿಟರಿಗೆ. ಹೊಸದನ್ನು ತಂದು ಜೋಡಿಸಿ, ಅದೂ ಕಪ್ಪಾಗಿಯೇ ಕೂತಾಗ ತಲೆ ಕೆರೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಆದ್ದರಿಂದ ತೊಂದರೆ ಮಾನಿಟರಿನದೋ ಸಿಪಿಯುದೋ (ಕಂಪ್ಯೂಟರಿನ ಡಬ್ಬ) ಎಂದು ಮೊದಲು ಗೊತ್ತು ಮಾಡಿಕೊಳ್ಳಿ.

ಮಾನಿಟರಿನ ಪವರ್ ದೀಪ ಉರಿಯದಿದ್ದರೆ ವೈರನ್ನು ಎರಡೂ ತುದಿಯಲ್ಲಿ ಒತ್ತಿ ನೋಡಿ, ಬೇರೆ ಸಾಕೆಟ್‌ಗೆ ಹಾಕಿ.

ದೀಪ ಉರಿಯುತ್ತಿದ್ದರೆ ಮಾನಿಟರ್ ಆನ್ ಇರುವಾಗಲೇ ಚಿತ್ರದ ಕೇಬಲ್ ಕಳಚಿ. 'ನೋ ಸಿಗ್ನಲ್' ಅಂತಲೋ 'ಚೆಕ್ ಕೇಬಲ್' ಅಂತಲೋ ಬಂದರೆ ಪರದೆ ಚೆನ್ನಾಗಿಯೇ ಇದೆ. ಏನೂ ಬಾರದಿದ್ದರೆ ಕೇಬಲ್ ಮತ್ತೆ ಹಾಕಿ, ಕೋಣೆ ಕತ್ತಲು ಮಾಡಿ, ಪರದೆಗೆ ಓರೆಯಾಗಿ ಟಾರ್ಚ್ ಬಿಡಿ. ಮಸುಕಾಗಿ ಚಿತ್ರ ಕಂಡರೆ ಪರದೆಯ ಹಿಂದಿನ ಬೆಳಕು ಕೆಟ್ಟಿದೆ, ರಿಪೇರಿಯವರಿಗೆ ಕೊಡಿ. ಮಾನಿಟರನ್ನು ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಕರೆಂಟ್ ಉಳಿದಿರುತ್ತದೆ.

ಇನ್ನು ಕೇಬಲ್. ಮಾನಿಟರಿನ ಬಟನ್ ಒತ್ತಿ, ಕೇಬಲ್ ಇರುವ ಪೋರ್ಟನ್ನೇ ಇನ್‌ಪುಟ್ ಆಗಿ ಆರಿಸಿ. ಆಮೇಲೆ ಸಿಪಿಯು ಹಿಂದೆ ನೋಡಿ. ಚಿತ್ರ ಕೊಡುವ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದಕ್ಕೇ ಹೋಗಬೇಕು, ಒಳಗಿನ ಮುಖ್ಯ ಬೋರ್ಡಾದ ಮದರ್‌ಬೋರ್ಡಿನ ಪೋರ್ಟಿಗಲ್ಲ. ಇಂಟೆಲ್ ಪ್ರೊಸೆಸರಿನ ಹೆಸರು 'ಎಫ್' ಅಕ್ಷರದಲ್ಲಿ ಮುಗಿದರೆ ಅದರಲ್ಲಿ ಗ್ರಾಫಿಕ್ಸೇ ಇರುವುದಿಲ್ಲ, ಮದರ್‌ಬೋರ್ಡಿಗೆ ಕೇಬಲ್ ಹಾಕಿ ಎಷ್ಟು ಕಾದರೂ ಅಷ್ಟೇ. ಒಂದು ಬಗೆಯ ಪೋರ್ಟನ್ನು ಇನ್ನೊಂದಕ್ಕೆ ಜೋಡಿಸುವ ಅಗ್ಗದ ಕನ್ವರ್ಟರ್‌ಗಳನ್ನಂತೂ ನಾನು ನಂಬುವುದಿಲ್ಲ. ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವುದು ತಿರುಗಿ ಹಾಕಿದರೆ ಕೆಲಸ ಮಾಡುವುದಿಲ್ಲ. ನೇರ ಕೇಬಲ್ ಇದ್ದರೆ ಅದನ್ನೇ ಹಾಕಿ.

ಈಗ ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರಿದರೆ ಕಂಪ್ಯೂಟರ್ ಒಳಗೊಳಗೇ ನಡೆಯುತ್ತಿದೆ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ (ಚಿತ್ರ ತೋರಿಸುವ ಸಾಫ್ಟ್‌ವೇರ್) ಹೊಸದಾಗಿ ಶುರುವಾಗುತ್ತದೆ.

ದೀಪ ಅಲುಗದೆ ಫ್ಯಾನ್ ಮಾತ್ರ ತಿರುಗುತ್ತಿದ್ದರೆ ನನ್ನ ಮೊದಲ ಅನುಮಾನ ಮದರ್‌ಬೋರ್ಡಿನ ಸ್ಲಾಟಿನಲ್ಲಿ ಕೂರುವ ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್ ಮೇಲೆ. ಜನ ಜಾಸ್ತಿ ಎಡವುವುದೂ ಇಲ್ಲೇ, ಅವಸರ ಬೇಡ. ಸ್ವಿಚ್ ಆರಿಸಿ, ಪ್ಲಗ್ ಕೀಳಿ, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ. ಸಿಪಿಯು ಡಬ್ಬದ ಪಕ್ಕದ ಮುಚ್ಚಳ ತೆಗೆಯಿರಿ. ಮೈಯಲ್ಲಿರುವ ಸ್ಥಿರ ವಿದ್ಯುತ್ ಹೋಗಲು ಡಬ್ಬದ ಬರಿ ಲೋಹ ಮುಟ್ಟಿ. ಸ್ಲಾಟ್ ತುದಿಯ ಕ್ಲಿಪ್ ಬಿಡಿಸಿ (ಕೆಲವು ಬೋರ್ಡುಗಳಲ್ಲಿ ಒಂದೇ ಕಡೆ ಕ್ಲಿಪ್ ಇರುತ್ತದೆ), ರ‍್ಯಾಮನ್ನು ನೆಟ್ಟಗೆ ಮೇಲಕ್ಕೆತ್ತಿ. ಚಿನ್ನದ ಬಣ್ಣದ ಹಲ್ಲುಗಳನ್ನು ಬೆರಳಲ್ಲಿ ಮುಟ್ಟಬೇಡಿ. ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪ ತಾಗಿಸಿದ ಎಳೆ ಬಿಡದ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ರಬ್ಬರಿನಿಂದ ಉಜ್ಜುವವರು ಬಹಳ. ಕೆಲಸ ಆಗುತ್ತದೆ ನಿಜ, ಆದರೆ ಪುಡಿ ಸ್ಲಾಟಿನೊಳಗೆ ಬಿದ್ದರೆ ಇನ್ನೊಂದು ತಲೆನೋವು. ತುಕ್ಕು ಬಿಡಿಸುವ ಸ್ಪ್ರೇಯಂತೂ ಬೇಡವೇ ಬೇಡ.

ತಿರುಗಿ ಕೂರಿಸುವಾಗ ರ‍್ಯಾಮಿನ ಅಂಚಿನ ಕಚ್ಚು ಸ್ಲಾಟಿನ ಉಬ್ಬಿಗೆ ಸರಿಯಾಗಿ ಹೊಂದಬೇಕು. ಹೊಂದದಿದ್ದರೆ ತಿರುಗಿಸಿ ಹಿಡಿಯಿರಿ, ಬಲ ಹಾಕಬೇಡಿ. ಹೊಂದಿದ ಮೇಲೆ ಮಾತ್ರ ಎರಡೂ ತುದಿಯಲ್ಲಿ ಗಟ್ಟಿಯಾಗಿ ಒತ್ತಿ. ಕ್ಲಿಪ್ 'ಟಕ್' ಅನ್ನಬೇಕು. ಅರ್ಧ ಕೂತ ರ‍್ಯಾಮ್ ನೋಡುವುದಕ್ಕೆ ಪೂರ್ತಿ ಕೂತ ಹಾಗೇ ಕಾಣುತ್ತದೆ! ಎರಡು ಇದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ. ಡಿಡಿಆರ್5 ರ‍್ಯಾಮ್ ಹೊಸದಾಗಿ ಹಾಕಿದ್ದರೆ ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಬೋರ್ಡ್ ಅದನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಸುಮ್ನೆ ಕಾಯಿರಿ, ಮಧ್ಯದಲ್ಲಿ ಆರಿಸಬೇಡಿ.

ಕಂಪನಿಯ ಲೋಗೊ ಬಂದು ಆಮೇಲೆ ಕಪ್ಪಾದರೆ ಇದ್ಯಾವುದೂ ಬೇಕಿಲ್ಲ. ವಿಂಡೋಸ್ ಅಗತ್ಯದ್ದಷ್ಟನ್ನೇ ತೆರೆಯುವ ಸೇಫ್ ಮೋಡ್‌ಗೆ ಹೋಗಿ ಗ್ರಾಫಿಕ್ಸ್ ಡ್ರೈವರ್ ತೆಗೆದು ಮತ್ತೆ ಹಾಕಿ.